ಮನೆಯ ಪರವಾನಿಗೆಯೂ ನೆರೆಯವರ ದಾವೆಯೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಹಿರಿಯರ ಮಾತಿಗೆ, ಕಟ್ಟುವ ಮುನ್ನ ನೆರೆಯವರ ಮುಖವನ್ನೂ ನೋಡು ಎಂಬುದನ್ನು ಈಗ ಸೇರಿಸಬೇಕಾಗಿದೆ. ಕಿರಿದಾದ ನಿವೇಶನಗಳಲ್ಲಿ ಗೋಡೆಗೆ ಗೋಡೆ ತಾಗುವಂತೆ ಮನೆಗಳೇಳುತ್ತಿರುವ ನಮ್ಮ ಪಟ್ಟಣಗಳಲ್ಲಿ, ಪೌರಾಡಳಿತವು ಕೊಟ್ಟ ಕಟ್ಟಡದ ಪರವಾನಿಗೆಯನ್ನು ಪಕ್ಕದ ಮನೆಯವರು ನ್ಯಾಯಾಲಯದಲ್ಲಿ ಪ್ರಶ್ನಿಸುವುದು ಅಪೂರ್ವ ಸಂಗತಿಯಾಗಿ ಉಳಿದಿಲ್ಲ. ಪಾಯ ತೋಡಿದೊಡನೆ ತಡೆಯಾಜ್ಞೆ ಬರುತ್ತದೆ. ಕೆಲಸಗಾರರು ಬೇರೆಡೆಗೆ ಹೊರಟುಹೋಗುತ್ತಾರೆ. ಸಿಮೆಂಟು ಚೀಲದಲ್ಲಿಯೇ ಕಲ್ಲಾಗುತ್ತದೆ. ಇರುವ ಮನೆಯ ಬಾಡಿಗೆಯನ್ನೂ ಏಳದ ಮನೆಯ ಸಾಲದ ಬಡ್ಡಿಯನ್ನೂ ಗೃಹಸ್ಥನು ಒಟ್ಟಿಗೆ ತೆರಬೇಕಾಗುತ್ತದೆ. ಈ ಸಂಕಟಕ್ಕೆ ಹೊಣೆ ಯಾರೆಂಬುದನ್ನು ನಿಷ್ಪಕ್ಷಪಾತವಾಗಿ ವಿಚಾರಿಸುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಮೊದಲನೆಯದಾಗಿ, ಪ್ರಶ್ನಿಸುವ ಹಕ್ಕು ನೆರೆಯವರಿಗೆ ನಿಶ್ಚಯವಾಗಿಯೂ ಇದೆ. ಇದು ನಮ್ಮ ನಾಡಿನ ಪ್ರಕರಣವೊಂದರಿಂದಲೇ ಸಿದ್ಧವಾಗಿರುವ ಸಂಗತಿ. ಉಡುಪಿಯಲ್ಲಿ ವಾಸದ ಮನೆಗಳಿಗೆಂದು ನಗರ ಯೋಜನೆಯಲ್ಲಿ ಗೊತ್ತುಮಾಡಿದ್ದ ಪ್ರದೇಶದಲ್ಲಿ ಕಲ್ಯಾಣಮಂಟಪವೆಂದು ಪ್ರಾರಂಭವಾದ ಕಟ್ಟಡವನ್ನು ಸಿನಿಮಾ ಮಂದಿರವನ್ನಾಗಿ ಮಾರ್ಪಡಿಸಲು ಪುರಸಭೆಯು ಅನುಮತಿಯಿತ್ತಿತು. ಅಲ್ಲಿಯ ನಿವಾಸಿಯೊಬ್ಬರು ಅದನ್ನು ಪ್ರತಿಭಟಿಸಿ ಸರ್ವೋಚ್ಚ ನ್ಯಾಯಾಲಯದವರೆಗೂ ಹೋದರು. 1974ರಲ್ಲಿ ಆ ನ್ಯಾಯಾಲಯವು ಅವರ ಪಕ್ಷವನ್ನೇ ಎತ್ತಿಹಿಡಿಯಿತು. ಯೋಜನೆಗೆ ವಿರುದ್ಧವಾದ ಕಟ್ಟಡದಿಂದ ಸುತ್ತಲಿನ ನಿವಾಸಿಗಳ ಹಕ್ಕಿಗೆ ಧಕ್ಕೆಯಾಗುತ್ತದೆಂದೂ, ಕಟ್ಟಿದವರು ಹಣ ವೆಚ್ಚಮಾಡಿದ್ದಾರೆಂಬ ಮಾತ್ರಕ್ಕೆ ಅಕ್ರಮವಾದ ಅನುಮತಿಯು ಸಕ್ರಮವಾಗದೆಂದೂ ಹೇಳಿತು. ದೂರದ ನೋಯಿಡಾದಲ್ಲಿಯೂ ನಿವಾಸಿಗಳ ಅರ್ಜಿಯ ಮೇಲೆಯೇ ಅವಳಿ ಗೋಪುರಗಳು ಅಕ್ರಮವೆಂದು 2021ರಲ್ಲಿ ತೀರ್ಮಾನವಾಗಿ, 2022ರ ಆಗಸ್ಟ್ 28ರಂದು ಅವು ನೆಲಕ್ಕುರುಳಿದುವು. ಅವುಗಳಿಗೂ ಅಧಿಕಾರಿಗಳ ಮಂಜೂರಾತಿಯಿತ್ತೆಂಬುದನ್ನು ಮರೆಯಬಾರದು. ಮೊಹರು ಬಿದ್ದ ನಕಾಶೆಯು ಪ್ರಶ್ನಾತೀತವಲ್ಲ.

ಆದರೆ ಹಕ್ಕು ಬೇರೆ, ಹಗೆ ಬೇರೆ. ನಮ್ಮ ಕಿಟಕಿಗೆ ಮರೆಯಾಯಿತು, ನಮಗಿಂತ ಒಂದು ಮಹಡಿ ಎತ್ತರವಾಯಿತು ಎಂಬ ಅಸೂಯೆಗೆ ಕಾನೂನಿನ ಉಡುಪು ತೊಡಿಸಿದರೆ ಅದು ನ್ಯಾಯವಾಗದು. ಗಾಳಿ ಬೆಳಕುಗಳ ವಿಷಯದಲ್ಲಿಯೂ 1882ರ ಈಸ್‌ಮೆಂಟ್ ಕಾಯಿದೆಯು 20 ವರ್ಷಗಳ ಕಾಲ ಅಡ್ಡಿಯಿಲ್ಲದೆ, ಹಕ್ಕಿನಿಂದ ಅನುಭವಿಸಿದವರಿಗೆ ಮಾತ್ರ ರಕ್ಷಣೆ ಕೊಡುತ್ತದೆ, ನಷ್ಟವೂ ಗಣನೀಯವಾಗಿರಬೇಕೆನ್ನುತ್ತದೆ. ಹೀಗಿರಲು, ಕೊನೆಗೆ ಗೆಲ್ಲುವ ಭರವಸೆಯಿಲ್ಲದಿದ್ದರೂ ನಡುವೆ ನಿಲ್ಲಿಸಿದರೆ ಸಾಕೆಂಬ ಎಣಿಕೆಯಿಂದ ಹೂಡುವ ದಾವೆಯು ನ್ಯಾಯಾಲಯದ ದುರುಪಯೋಗವೇ ಸರಿ. ಅಂಥಲ್ಲಿ ತೀರ್ಪಿಗಿಂತ ವಿಳಂಬವೇ ದೊಡ್ಡ ದಂಡನೆಯಾಗುತ್ತದೆ. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯು ಹುಟ್ಟಿದುದು ಇಂಥ ಅನುಭವದಿಂದಲೇ.

ಇದಕ್ಕೆ ಶಾಸನದಲ್ಲಿ ಪರಿಹಾರವಿಲ್ಲವೆಂದಲ್ಲ. ದಾವೆಯನ್ನು ನಿರೀಕ್ಷಿಸುವವನು ಸಿವಿಲ್ ಪ್ರಕ್ರಿಯಾ ಸಂಹಿತೆಯ 148-ಎ ಕಲಮಿನಂತೆ ಮೊದಲೇ ಕೇವಿಯಟ್ ಸಲ್ಲಿಸಬಹುದು. 90 ದಿನಗಳವರೆಗೆ ಅವನಿಗೆ ತಿಳಿವಳಿಕೆ ಕೊಡದೆ ತಡೆಯಾಜ್ಞೆಯ ಅರ್ಜಿಯನ್ನು ವಿಚಾರಿಸುವಂತಿಲ್ಲ. ಎದುರು ಪಕ್ಷಕ್ಕೆ ತಿಳಿಸದೆಯೇ ತಡೆಯಾಜ್ಞೆ ಕೊಟ್ಟಿದ್ದರೆ, 30 ದಿನಗಳೊಳಗೆ ಆ ಅರ್ಜಿಯನ್ನು ಇತ್ಯರ್ಥಗೊಳಿಸಲು ನ್ಯಾಯಾಲಯವು ಪ್ರಯತ್ನಿಸಬೇಕು, ಆಗದಿದ್ದರೆ ಕಾರಣವನ್ನು ಬರೆದಿಡಬೇಕು ಎಂದು 39ನೆಯ ಆದೇಶದ 3-ಎ ನಿಯಮವು ವಿಧಿಸಿದೆ. ಸಾಕಷ್ಟು ಆಧಾರವಿಲ್ಲದೆ ತಡೆಯಾಜ್ಞೆ ಪಡೆದವರಿಂದ 50,000 ರೂಪಾಯಿಗಳವರೆಗೆ ಪರಿಹಾರ ಕೊಡಿಸಲು 95ನೆಯ ಕಲಮಿನಲ್ಲಿ ಅವಕಾಶವಿದೆ. ಈ ವಿಧಿಗಳು ಗ್ರಂಥದಲ್ಲಿ ಮಾತ್ರ ಉಳಿಯದೆ ಆಚರಣೆಗೆ ಬರಬೇಕೆಂದು ನ್ಯಾಯಾಧಿಕಾರಿಗಳನ್ನೂ ವಕೀಲವರ್ಗವನ್ನೂ ನಾವು ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇವೆ.

ಮನೆ ಕಟ್ಟುವವರಿಗೂ ಒಂದು ಮಾತು. ತಕರಾರು ಬಂದೊಡನೆ ಹಗಲಿರುಳು ದುಡಿಸಿ ತಾರಸಿ ಹಾಕಿಬಿಟ್ಟರೆ ನ್ಯಾಯಾಲಯವು ಕನಿಕರಪಡುವುದೆಂದು ಬಗೆಯುವುದು ಅವಿವೇಕ. ಉಡುಪಿಯ ತೀರ್ಪಿನ ಪಾಠವೇ ಅದು. ನಗರಸಭೆಯ ಪರವಾನಿಗೆಯು ಎಲ್ಲೆಯ ವಿವಾದವನ್ನು ತೀರ್ಮಾನಿಸುವ ಪತ್ರವೂ ಅಲ್ಲ. ನಕಾಶೆಯಲ್ಲಿ ಮೂರು ಅಡಿ ತೆರವು ತೋರಿಸಿ ನೆಲದ ಮೇಲೆ ಒಂದೂವರೆ ಅಡಿ ಬಿಟ್ಟವನು ನೆರೆಯವನ ಕುಹಕವನ್ನು ದೂರುವ ಅಧಿಕಾರವನ್ನು ಕಳೆದುಕೊಂಡಿರುತ್ತಾನೆ. ಪಾಯದ ಗುರುತು ಹಾಕುವ ದಿನವೇ ನೆರೆಯವರನ್ನು ಕರೆದು, ಅವರ ಎದುರಿನಲ್ಲಿಯೇ ಅಳೆದು ತೋರಿಸುವ ಸೌಜನ್ಯದಿಂದ ಎಷ್ಟೋ ವ್ಯಾಜ್ಯಗಳು ಮೊಳಕೆಯಲ್ಲಿಯೇ ಮುರಿಯುತ್ತವೆ.

ಆದರೂ ಇಷ್ಟಕ್ಕೆಲ್ಲ ಮೂಲವು ಪೌರಾಡಳಿತದ ಕಚೇರಿಯಲ್ಲಿದೆಯೆಂಬುದು ನಮ್ಮ ನಿಶ್ಚಿತಾಭಿಪ್ರಾಯ. ನೆರೆಯವನು ನ್ಯಾಯಾಲಯದಲ್ಲಿ ಕೇಳುವ ಪ್ರಶ್ನೆಯು ಬಹುಮಟ್ಟಿಗೆ ಅಳತೆಯ ಪ್ರಶ್ನೆ: ಎಷ್ಟು ಅಡಿ ಬಿಟ್ಟಿದ್ದಾರೆ? ಎಷ್ಟು ಎತ್ತರ ಕಟ್ಟುತ್ತಿದ್ದಾರೆ? ಇಂಜಿನಿಯರರೊಬ್ಬರು ಟೇಪು ಹಿಡಿದು ಅರ್ಧ ಗಂಟೆ ಸ್ಥಳದಲ್ಲಿ ನಿಂತರೆ ತೀರಬಹುದಾದುದಕ್ಕೆ ವರ್ಷಗಟ್ಟಲೆ ವಾಯಿದೆಗಳು ಬೇಕಾಗಿವೆ. ನಕಾಶೆಗೆ ವಿರುದ್ಧವಾದ ಕಟ್ಟಡದ ಮೇಲೆ ತಾತ್ಕಾಲಿಕ ಆಜ್ಞೆ ಹೊರಡಿಸಿ, ಕಟ್ಟುವವನ ಸಮಾಧಾನವನ್ನು ಕೇಳಿ ಅನಂತರ ಅದನ್ನು ಸ್ಥಿರಪಡಿಸಲು 1976ರ ಕರ್ನಾಟಕ ಮಹಾನಗರಪಾಲಿಕೆಗಳ ಕಾಯಿದೆಯ 321ನೆಯ ಕಲಮು ಆಯುಕ್ತರಿಗೆ ಅಧಿಕಾರವಿತ್ತಿದೆ. ಮಂಜೂರಾದ ನಕಾಶೆಯನ್ನು ಕಟ್ಟಡದ ಸ್ಥಳದಲ್ಲಿ ಎಲ್ಲರಿಗೂ ಕಾಣುವಂತೆ ಇಡಬೇಕು, ಅಧಿಕಾರಿಗಳು ಕಾಲಕಾಲಕ್ಕೆ ತನಿಖೆ ಮಾಡಿ ದಾಖಲೆಯಿಡಬೇಕು ಎಂದು 2024ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ದೇಶಿಸಿದೆ. ಅದರಂತೆ ನಡೆದರೆ ನೆರೆಯವನಿಗೆ ಸಂಶಯಕ್ಕೆ ಎಡೆಯಿರದು, ಕಟ್ಟುವವನಿಗೆ ವಂಚನೆಗೆ ಎಡೆಯಿರದು.

ನೆರೆಯವರ ತಕರಾರು ಅರ್ಜಿ ಬಂದ ಏಳು ದಿನಗಳೊಳಗೆ ಉಭಯ ಪಕ್ಷದವರ ಸಮಕ್ಷಮದಲ್ಲಿ ಸ್ಥಳವನ್ನು ಅಳೆದು, ಬರೆಹದ ವರದಿಯನ್ನು ಇಬ್ಬರಿಗೂ ಕೊಡುವ ಪದ್ಧತಿಯನ್ನು ಪ್ರತಿಯೊಂದು ನಗರಸಭೆಯೂ ಕೈಕೊಳ್ಳಬೇಕೆಂದು ನಾವು ಸೂಚಿಸುತ್ತೇವೆ. ಇದಕ್ಕೆ ಬೇಕಾದುದು ಕರ್ತವ್ಯಬುದ್ಧಿಯೊಂದೇ. ಸ್ವರಾಜ್ಯವೆಂಬುದು ದಿಲ್ಲಿಯ ಸಂಸತ್ತಿನಲ್ಲಿ ಮಾತ್ರ ನೆಲೆಸುವ ವಸ್ತುವಲ್ಲ. ಎರಡು ಮನೆಗಳ ನಡುವಣ ಮೂರಡಿ ನೆಲದಲ್ಲಿಯೂ ನ್ಯಾಯವು ತಾನಾಗಿ ನಡೆಯುವಂತಾದಾಗಲೇ ಅದು ಪೌರನ ಬಾಗಿಲಿಗೆ ಬಂದಂತೆ.