ಧಾನ್ಯ ಬೇಡ, ನಗದು ತನ್ನಿ

ಸೀತಾಂಗೋಳಿ ಪೇಟೆಯಲ್ಲಿ ಅಡಿಕೆ ಮಾರಿ, ಅದೇ ದುಡ್ಡಲ್ಲಿ ವಿಲೇಜ್ ಆಫೀಸಿಗೆ ಭೂತೆರಿಗೆ ಕಟ್ಟುವವ ನಾನು. ಧಾರಣೆ ಬಿದ್ದರೆ ತೆರಿಗೆಯೇನೂ ಬೀಳುವುದಿಲ್ಲ. ಹಾಗಾಗಿ ಚೀನದ ಅಫೀಮು ಯುದ್ಧದ ಚರಿತ್ರೆಯಲ್ಲಿ ಫಿರಂಗಿಗಳಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಂದಾಯದ ಲೆಕ್ಕ.

ಅಲ್ಲಿನ ರೈತನ ಕೈಗೆ ಬರುತ್ತಿದ್ದದ್ದು ತಾಮ್ರದ ಕಾಸು. ಕಂದಾಯದ ಲೆಕ್ಕ ಮಾತ್ರ ಬೆಳ್ಳಿಯಲ್ಲಿ. ಬಂಗಾಳ, ಮಾಳವದ ಅಫೀಮು ಕ್ಯಾಂಟನ್ನಿಗೆ ಇಳಿದಂತೆಲ್ಲ ಬೆಳ್ಳಿ ದೇಶ ಬಿಟ್ಟಿತು, ಅದರ ಬೆಲೆ ಏರಿತು. ಅಫೀಮನ್ನು ಮೂಸಿಯೂ ನೋಡದವನು ಅದೇ ಕಂದಾಯಕ್ಕೆ ಹೆಚ್ಚು ಕಾಸು ಎಣಿಸಬೇಕಾಯಿತು. ಬ್ರಿಟನ್ನಿನೆದುರು ಯುದ್ಧ ಸೋತ ಚೀನಕ್ಕೆ 1842ರ ನಾನ್‌ಜಿಂಗ್ ಒಪ್ಪಂದದಲ್ಲಿ ಹಾಂಗ್‌ಕಾಂಗ್ ಕೈಬಿಟ್ಟು ಹೋಯಿತು, ಮೇಲಿಂದ 2.1 ಕೋಟಿ ಬೆಳ್ಳಿ ಡಾಲರ್ ದಂಡ. ಸೋತವನಿಂದಲೇ ಖರ್ಚು ವಸೂಲಿ!

ಬಂಗಾಳದ ಅಫೀಮಿನ ಏಕಸ್ವಾಮ್ಯ ಹಿಡಿದಿದ್ದ ಅದೇ ಈಸ್ಟ್ ಇಂಡಿಯಾ ಕಂಪನಿ 1834ರಲ್ಲಿ ಕೊಡಗನ್ನು ನುಂಗಿತು. ಅದರ ಕೈಕೆಳಗಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ನಮ್ಮ ಕಾಸರಗೋಡೂ ಆಗ ಅದೇ ಜಿಲ್ಲೆ. ಆ ಸೀಮೆಗಳಲ್ಲಿ ಧಾನ್ಯದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಕಂಪನಿ ನಗದಾಗಿಯೇ ಕೊಡಬೇಕೆಂದಿತು. 1837ರಲ್ಲಿ ರೈತರು ಸಿಡಿದೆದ್ದು ಮಂಗಳೂರಿಗೇ ನುಗ್ಗಿದರು. ಕಂಪನಿ ಆ ದಂಗೆಯನ್ನು ಹತ್ತಿಕ್ಕಿ ಮುಂದಾಳುಗಳನ್ನು ಗಲ್ಲಿಗೇರಿಸಿತು.

ಕನ್ನಡ ಶಾಲೆಗಳ ಚರಿತ್ರೆಯ ಅಧ್ಯಾಪಕರಲ್ಲಿ ಒಂದು ವಿನಂತಿ: ಅಫೀಮು ಯುದ್ಧದ ಪಾಠ ಬಂದಾಗ ಅಮರ ಸುಳ್ಯದ ಈ ದಂಗೆಯನ್ನೂ ಅದೇ ತರಗತಿಯಲ್ಲಿ ಹೇಳಿ.