ಹಿಂದಿನ ಸೀಟಲ್ಲಿ ಕೂತು ನೋಡಿ ಸ್ವಾಮಿ

"ಫ್ಯಾಮಿಲಿಗೋಸ್ಕರ ತಗೊಂಡೆ ಗುರೂ."

ಹೊಸ ಎಸ್‌ಯುವಿ ತಂದು ಮನೆ ಮುಂದೆ ನಿಲ್ಲಿಸಿದ ಯಾವ ಗಂಡಸನ್ನಾದರೂ ಕೇಳಿ, ಮೊದಲು ಬರೋ ಮಾತು ಇದೇ. ಎರಡನೆಯದು ಹಾರ್ಸ್‌ಪವರ್. ಮೂರನೆಯದು ಸನ್‌ರೂಫ್. ಆ ಫ್ಯಾಮಿಲಿ ಗಾಡಿಯೊಳಗೆ ಹೇಗೆ ಹತ್ತುತ್ತೆ, ಎಲ್ಲಿ ಕೂರುತ್ತೆ, ಘಾಟಿಯಲ್ಲಿ ಅದರ ಹೊಟ್ಟೆ ಏನಾಗುತ್ತೆ ಅನ್ನೋ ಮಾತು ಬರೋದೇ ಇಲ್ಲ. ನಾನು ಹೇಳೋದು ಇಷ್ಟೇ: ನಾವು ಕುಟುಂಬದ ಹೆಸರು ಹೇಳಿ ನಮಗಾಗಿ ಗಾಡಿ ತಗೊಳ್ತಿದ್ದೀವಿ. ಈ ಕೇಸಿನಲ್ಲಿ ಮೊದಲನೇ ಆರೋಪಿ ನಾನೇ.

ನಮ್ಮಮ್ಮ ತೀರ್ಥಹಳ್ಳಿ ಹತ್ತಿರದ ಊರಲ್ಲಿ ಒಬ್ಬರೇ ಇದ್ದಾರೆ. ಎರಡೂ ಮಂಡಿ ಆಪರೇಷನ್ ಆಗಿದೆ. ಬೆಂಗಳೂರಿಗೆ ಬಂದು ಇರಿ ಅಂದರೆ ತೋಟ ಯಾರು ನೋಡ್ತಾರೆ ಅಂತಾರೆ. ಹಾಗಾಗಿ ತಿಂಗಳಿಗೆ ಎರಡು ಸಲ ನಾವೇ ಹೋಗಿ ಬರ್ತೀವಿ. ಹೋಗೋಕೆ 350 ಕಿಲೋಮೀಟರ್ ಮೇಲೆ, ಬರೋಕೆ ಅಷ್ಟೇ. ಹೆಂಡತಿಯ ತವರು ಉಡುಪಿ. ಅಲ್ಲಿಗೆ ಹೊರಟರೆ ಆಗುಂಬೆಯ ಹದಿನಾಲ್ಕು ತಿರುವು ಇಳೀಬೇಕು. ಹತ್ತು ವರ್ಷದ ಹಳೇ ಸಣ್ಣ ಕಾರು ಸುಸ್ತಾಗಿತ್ತು. ಮಧ್ಯಮ ಗಾತ್ರದ ಡೀಸೆಲ್ ಆಟೋಮ್ಯಾಟಿಕ್ ಎಸ್‌ಯುವಿ ತಗೊಳ್ಳೋದು ಅಂತ ತೀರ್ಮಾನ ಮಾಡಿ, ಮೂರು ತಿಂಗಳು ರಾತ್ರಿಯೆಲ್ಲ ಕೂತು ಎಕ್ಸೆಲ್ ಶೀಟ್ ಮಾಡಿದೆ. ಇಪ್ಪತ್ತೆರಡು ಕಾಲಂ ಇತ್ತು ಅದರಲ್ಲಿ. ಟಾರ್ಕ್ ಎಷ್ಟು, ನೂರರ ವೇಗಕ್ಕೆ ಎಷ್ಟು ಸೆಕೆಂಡು, ಟಚ್‌ಸ್ಕ್ರೀನ್ ಎಷ್ಟಿಂಚು, ಎಲ್ಲ.

ಶೋರೂಮಿಗೆ ಹೊರಟ ಭಾನುವಾರ ಅಮ್ಮ ಚೆಕಪ್ಪಿಗೆ ಬಂದು ನಮ್ಮನೇಲೇ ಇದ್ದರು. "ಅತ್ತೇನೂ ಕರ್ಕೊಂಡು ಹೋಗೋಣ" ಅಂದಳು ಹೆಂಡತಿ. ಅವರು ಬಂದು ಏನು ಮಾಡ್ತಾರೆ ಅಂತ ಒಳಗೊಳಗೇ ಸಿಡುಕಿಕೊಂಡೆ. ನನ್ನ ಪಟ್ಟಿಯಲ್ಲಿ ಮೊದಲು ಇದ್ದದ್ದು ಲ್ಯಾಡರ್ ಫ್ರೇಮಿನ ಎತ್ತರದ ಗಾಡಿ. ಅಮ್ಮ ಬಾಗಿಲ ಮೇಲಿನ ಹಿಡಿ ಹಿಡಿದು ಒಂದು ಕಾಲೆತ್ತಿದರು, ಇಳಿಸಿದರು. ಇನ್ನೊಂದು ಕಾಲು ನೋಡಿದರು. ಅದೂ ಆಗಲಿಲ್ಲ. ಸೇಲ್ಸ್ ಹುಡುಗ ಓಡಿ ಬಂದು, "ಸೈಡ್ ಸ್ಟೆಪ್ ಹಾಕಿಸಿಕೊಡ್ತೀವಿ ಸರ್" ಅಂದ.

ಅಮ್ಮ ನಕ್ಕು, "ಏಣಿ ಕೊಟ್ಟರೂ ಈ ಮಂಡಿ ಬಗ್ಗಬೇಕಲ್ಲ ಮಾರಾಯ" ಅಂದರು.

ನನ್ನ ಇಪ್ಪತ್ತೆರಡು ಕಾಲಮಿನಲ್ಲಿ ಅಮ್ಮನ ಮಂಡಿಗೆ ಒಂದು ಕಾಲಂ ಇರಲಿಲ್ಲ. ಆ ಗಾಡಿ ತಗೊಂಡಿದ್ದರೆ, ಯಾರಿಗೋಸ್ಕರ ತಗೊಂಡೆ ಅಂತ ಊರಿಗೆಲ್ಲ ಹೇಳ್ತಿದ್ದೆನೋ ಅವರನ್ನೇ ಬಿಟ್ಟು ತಿರುಗಬೇಕಿತ್ತು.

ಅಲ್ಲಿಂದ ಮನೆಗೆ ಬಂದು ಶೀಟನ್ನ ಅಳಿಸಿ ಮತ್ತೆ ಶುರು ಮಾಡಿದೆ. ಆಮೇಲೆ ಗೊತ್ತಾದದ್ದನ್ನ ಇಲ್ಲಿ ಹೇಳ್ತೀನಿ.

ಮೊದಲು ಡೀಸೆಲ್ ಬೇಕಾ ಅನ್ನೋ ಪ್ರಶ್ನೆ. ಇಲ್ಲಿ ಎರಡು ಪಂಗಡ ಇದೆ. ಒಂದು ಪಂಗಡ "ಡೀಸೆಲ್ ಸತ್ತೋಯ್ತು ಬಿಡ್ರೀ" ಅನ್ನುತ್ತೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದಾಗ ಮಾರುತಿ ಡೀಸೆಲ್ ಕಾರು ನಿಲ್ಲಿಸಿದ್ದನ್ನ, ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ಬಿದ್ದ ನಿರ್ಬಂಧವನ್ನ ತೋರಿಸುತ್ತೆ. ದೆಹಲಿ ನಿಯಮ ಕರ್ನಾಟಕಕ್ಕಿಲ್ಲ. ಮಧ್ಯಮ ಗಾತ್ರದ ಎಸ್‌ಯುವಿಗಳಲ್ಲಿ ಟಾಟಾ, ಮಹೀಂದ್ರ, ಹ್ಯುಂಡೈ, ಕಿಯಾ ಡೀಸೆಲ್ ಮಾರ್ತಾನೇ ಇದ್ದಾರೆ. ಇನ್ನೊಂದು ಪಂಗಡದ್ದು ಅಪ್ಪನ ಕಾಲದ ಬುದ್ಧಿ: "ಡೀಸೆಲ್ ಅಂದ್ರೆ ಉಳಿತಾಯ." 2012ರಲ್ಲಿ ಪೆಟ್ರೋಲಿಗೂ ಡೀಸೆಲಿಗೂ ಲೀಟರಿಗೆ ಮೂವತ್ತು ರೂಪಾಯಿ ಆಸುಪಾಸು ಅಂತರ ಇತ್ತು, ಆಗ ಆ ಮಾತು ಸರಿ. 2014ರಲ್ಲಿ ಡೀಸೆಲ್ ಬೆಲೆಯ ಮೇಲಿನ ಸರ್ಕಾರದ ಹಿಡಿತ ಹೋಯ್ತು, ಈಗ ಬೆಂಗಳೂರಲ್ಲಿ ಅಂತರ ಹನ್ನೆರಡು ರೂಪಾಯಿಯಷ್ಟು.

ಲೆಕ್ಕ ಹಾಕಿ ನೋಡಿ. ಪೆಟ್ರೋಲ್ 103, ಡೀಸೆಲ್ 91 ಅಂತ ಹಿಡಿಯೋಣ. ಪೆಟ್ರೋಲ್ ಆಟೋಮ್ಯಾಟಿಕ್ ಲೀಟರಿಗೆ 10, ಡೀಸೆಲ್ 14 ಕಿಲೋಮೀಟರ್ ಕೊಡುತ್ತೆ ಅಂದುಕೊಳ್ಳಿ. ಕಿಲೋಮೀಟರಿಗೆ 10.30 ಎದುರು 6.50, ಅಂದರೆ ಉಳಿಯೋದು 3.80. ಡೀಸೆಲ್ ಗಾಡಿಗೆ ಎರಡು ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ವಾಪಸ್ ಬರೋಕೆ ಸುಮಾರು 52,600 ಕಿಲೋಮೀಟರ್ ಓಡಿಸಬೇಕು. ವರ್ಷಕ್ಕೆ 17 ಸಾವಿರ ಓಡಿಸೋ ನನಗೆ ಅದು ಮೂರು ವರ್ಷದ ಮಾತು. ಜಯನಗರದಿಂದ ಕೋರಮಂಗಲಕ್ಕೆ ಹೋಗಿ ಬಂದು ವರ್ಷಕ್ಕೆ 6 ಸಾವಿರ ಓಡಿಸೋರಿಗೆ ಸುಮಾರು ಒಂಬತ್ತು ವರ್ಷ! ಅಷ್ಟರಲ್ಲಿ ಗಾಡಿಯೇ ಮಾರಿರ್ತಾರೆ.

ದುಡ್ಡು ಹೋದರೆ ಹೋಗಲಿ ಅನ್ನೋರಿಗೆ ಇನ್ನೊಂದು ಸುದ್ದಿ ಇದೆ. ಬಿಎಸ್6 ಡೀಸೆಲ್ ಗಾಡಿಯ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅಂತ ಒಂದು ಶೋಧಕ ಕೂತಿರುತ್ತೆ. ಹೊಗೆಯ ಮಸಿಯನ್ನ ಹಿಡಿದಿಟ್ಟುಕೊಳ್ಳೋದು ಅದರ ಕೆಲಸ. ತುಂಬಿದಾಗ ತಾನೇ ಬಿಸಿಯಾಗಿ ಆ ಮಸಿಯನ್ನ ಸುಟ್ಟುಕೊಳ್ಳುತ್ತೆ. ಆದರೆ ಅದಕ್ಕೆ ಗಾಡಿ ಒಂದೇ ಸಮ, ಸುಮಾರು 60ರ ಮೇಲಿನ ವೇಗದಲ್ಲಿ, ಹದಿನೈದು ಇಪ್ಪತ್ತು ನಿಮಿಷ ಓಡಬೇಕು. ಸಿಲ್ಕ್ ಬೋರ್ಡಲ್ಲಿ 60ರ ವೇಗ! ನನ್ನ ಭಾವ ಆಫೀಸಿಗೆ ಹೋಗೋ ಒಂಬತ್ತು ಕಿಲೋಮೀಟರಿಗೆ ದೊಡ್ಡ ಡೀಸೆಲ್ ಗಾಡಿ ತಗೊಂಡರು. ಆರನೇ ತಿಂಗಳಲ್ಲಿ ಹಳದಿ ದೀಪ ಹತ್ತಿತು. ಅದನ್ನ ಅಸಡ್ಡೆ ಮಾಡಿದರು. ಆಮೇಲೆ ಒಂದು ಸಂಜೆ ಫ್ಲೈಓವರ್ ಮೇಲೆ ಗಾಡಿ ಶಕ್ತಿ ಕಳಕೊಂಡು ತೆವಳೋಕೆ ಶುರು ಮಾಡಿತು. ಹಿಂದೆ ಮಕ್ಕಳಿಬ್ಬರು. ಸರ್ವಿಸ್ ಸೆಂಟರಿನವರು ಸರಿಮಾಡಿ ಬಿಲ್ ಕೊಟ್ಟು, "ವಾರಕ್ಕೊಂದು ಸಲ ಹೈವೇಗೆ ಕರ್ಕೊಂಡು ಹೋಗಿ ಸರ್" ಅಂದರಂತೆ. ನಾಯಿನ ವಾಕಿಂಗ್ ಕರ್ಕೊಂಡು ಹೋದ ಹಾಗೆ ಈಗ ಭಾವ ಪ್ರತಿ ಭಾನುವಾರ ಗಾಡಿನ ತುಮಕೂರು ರಸ್ತೆಗೆ ಕರ್ಕೊಂಡು ಹೋಗಿ ಬರ್ತಾರೆ. ತಪ್ಪು ಗಾಡಿಯದ್ದಲ್ಲ. ಮಾರೋವಾಗ "ದಿನಕ್ಕೆ ಎಷ್ಟು ದೂರ ಓಡಿಸ್ತೀರಿ" ಅಂತ ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಕೆಲವು ಡೀಸೆಲ್ ಗಾಡಿಗಳಿಗೆ ಯೂರಿಯಾ ದ್ರಾವಣ ಬೇರೆ ಹಾಕಬೇಕು, ಅದಕ್ಕೇ ಒಂದು ಪ್ರತ್ಯೇಕ ಟ್ಯಾಂಕು. ಎಚ್ಚರಿಕೆ ಕೊಟ್ಟಾಗ ತುಂಬಿಸದೆ ಪೂರ್ತಿ ಖಾಲಿ ಮಾಡಿಕೊಂಡರೆ, ಒಮ್ಮೆ ಆಫ್ ಮಾಡಿದ ಇಂಜಿನ್ ಮತ್ತೆ ಸ್ಟಾರ್ಟ್ ಆಗಲ್ಲ. ಇದನ್ನ ಕೇಳಿ ಅಮ್ಮ, "ಗದ್ದೆಗೆ ಸಿಗದ ಯೂರಿಯಾ ಕಾರಿಗೆ ಹಾಕ್ತಾರಾ!" ಅಂದರು. ಹೈವೇ ಬಂಕುಗಳಲ್ಲಿ ಸಿಗುತ್ತೆ, ಹೆದರಬೇಕಾಗಿಲ್ಲ. ಆದರೆ ಕೊಳ್ಳೋ ಮುಂಚೆ ಗೊತ್ತಿರಬೇಕು.

ಹಾಗಾಗಿ ನನ್ನ ಮಾತು ಖಂಡಿತ: ತಿಂಗಳಿಗೆ ಸಾವಿರ ಕಿಲೋಮೀಟರ್ ಮೇಲೆ, ಅದೂ ಹೆಚ್ಚಿನದು ಹೈವೇಯಲ್ಲಿ ಓಡಿಸ್ತೀರಾದರೆ ಡೀಸೆಲ್ ತಗೊಳ್ಳಿ, ಯಾರು ಏನಂದರೂ ಕೇಳಬೇಡಿ. ಐದು ಜನ, ಎರಡು ಹಲಸಿನ ಹಣ್ಣು, ಒಂದು ಮೂಟೆ ಅಕ್ಕಿ ಹೇರಿಕೊಂಡು ಏರು ಹತ್ತೋವಾಗ ಅದರಷ್ಟು ನಿರಾಳ ಇನ್ನೊಂದಿಲ್ಲ. ಊರೊಳಗೇ ಸುತ್ತೋರು ತಗೊಳ್ಳಬೇಡಿ. ಪೆಟ್ರೋಲೋ ಹೈಬ್ರಿಡ್ಡೋ ನೋಡಿ.

ಆಟೋಮ್ಯಾಟಿಕ್ ವಿಷಯದಲ್ಲಿ ನನಗೆ ಅನುಮಾನ ಇಲ್ಲ, ಬೇಕೇ ಬೇಕು. "ಆಟೋಮ್ಯಾಟಿಕ್ ಹೆಂಗಸರ ಗಾಡಿ" ಅನ್ನೋ ಮಹಾಶಯರು ಒಂದು ಸಂಜೆ ಹೆಬ್ಬಾಳದಲ್ಲಿ ಕ್ಲಚ್ ತುಳಿದು ಬನ್ನಿ, ಆಮೇಲೆ ಮಾತಾಡೋಣ. ಆಟೋಮ್ಯಾಟಿಕ್ ಇದ್ದರೆ ಮನೇಲಿ ಇಬ್ಬರೂ ಓಡಿಸಬಹುದು, ಏಳು ಗಂಟೆಯ ದಾರಿ ಹಂಚಿಕೊಳ್ಳಬಹುದು. ಸುರಕ್ಷತೆ ಅಂದರೆ ಇದೂ ಹೌದು. ಆದರೆ ಆಟೋಮ್ಯಾಟಿಕ್ ಅಂದರೆಲ್ಲ ಒಂದೇ ಅಲ್ಲ. ಸಣ್ಣ ಗಾಡಿಗಳ ಎಎಂಟಿ ಗೇರು ಬದಲಿಸೋವಾಗೆಲ್ಲ ಹಿಂದೆ ಕೂತೋರ ತಲೆ ತೂಗುತ್ತೆ. ಕ್ರೆಟಾ, ಸೆಲ್ಟಾಸ್, ಹ್ಯಾರಿಯರ್, ಎಕ್ಸ್‌ಯುವಿ700 ಈ ಸಾಲಿನ ಡೀಸೆಲ್‌ಗಳಲ್ಲಿ ಇರೋದು 6 ಗೇರಿನ ಟಾರ್ಕ್ ಕನ್ವರ್ಟರ್. ಓಡಿಸೋರಿಗೆ ಸ್ವಲ್ಪ ನಿಧಾನ ಅನ್ನಿಸಬಹುದು, ಹಿಂದಿನವರಿಗೆ ಗೇರು ಬದಲಾದದ್ದೇ ಗೊತ್ತಾಗಲ್ಲ. ಯಾರಿಗೆ ಸುಖ ಬೇಕು ಅಂತ ನೀವೇ ತೀರ್ಮಾನಿಸಿ. ಒಂದು ಮಾತು: ಘಾಟಿ ಇಳಿಯೋವಾಗ ಡಿ ಒಂದರಲ್ಲೇ ಬಿಟ್ಟು ಬ್ರೇಕ್ ಸುಡಬೇಡಿ, ಮ್ಯಾನುಯಲ್ ಮೋಡಿಗೆ ಹಾಕಿ ಕೆಳಗಿನ ಗೇರಲ್ಲಿ ಇಳೀರಿ.

ಇನ್ನು ಹೊಟ್ಟೆ. ಆಗುಂಬೆಯ ಐದನೇ ತಿರುವು ಬರೋವಷ್ಟರಲ್ಲಿ ನನ್ನ ಮಗಳು ಕವರ್ ಕೇಳ್ತಾಳೆ. ಒಂದು ಗಾಡಿಯಲ್ಲಿ ಹಿಂದಿನ ಕಿಟಕಿಯ ಅಂಚು ಎಷ್ಟು ಎತ್ತರ ಇತ್ತು ಅಂದರೆ ಅವಳಿಗೆ ಆಕಾಶ ಬಿಟ್ಟು ಬೇರೇನೂ ಕಾಣ್ತಿರಲಿಲ್ಲ. ಹೊರಗಿನ ದಾರಿ ಕಾಣದಿದ್ದರೆ ವಾಂತಿ ಬೇಗ ಬರುತ್ತೆ. ಇನ್ನೊಂದರಲ್ಲಿ ನನ್ನ ಕಾಲು ಮುಟ್ಟಿದರೆ ಸಾಕು, ಗಾಡಿ ಹಾರುತ್ತೆ. ನನಗೆ ಖುಷಿ, ಹಿಂದೆ ನರಕ. 450 ನ್ಯೂಟನ್ ಮೀಟರ್ ಟಾರ್ಕ್ ಇದೆ ಅಂತ ಎದೆ ತಟ್ಟಿಕೊಳ್ಳೋ ಮುಂಚೆ ಆ ಟಾರ್ಕ್ ಬಂದು ಬೀಳೋದು ಯಾರ ಕುತ್ತಿಗೆ ಮೇಲೆ ಅಂತ ಯೋಚಿಸಿ.

ಹಿಂದಿನ ಸೀಟಿನ ಸುರಕ್ಷತೆ ಬಗ್ಗೆ ನಮಗಿರೋ ಅಸಡ್ಡೆ ದೊಡ್ಡದು. 2022ರ ಸೆಪ್ಟೆಂಬರಲ್ಲಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ ಅವರು ಹಿಂದೆ ಬೆಲ್ಟ್ ಹಾಕದೆ ಕೂತಿದ್ದರು ಅಂತ ದೇಶವೆಲ್ಲ ಒಂದು ವಾರ ಮಾತಾಡಿತು. ಮುಂದಿನ ವಾರ ಮರೆತಿತು. ಐದು ಸ್ಟಾರ್ ಅಂತ ಹೇಳಿ ಗಾಡಿ ಕೊಂಡು, ಬೆಲ್ಟ್ ಚುಚ್ಚುತ್ತೆ ಅಂತ ಅದರ ಮೇಲೆ ಸೀಟ್ ಕವರ್ ಹಾಕಿಸಿ ಮುಚ್ಚಿಬಿಡ್ತೀವಿ. ಮಕ್ಕಳನ್ನ ಸನ್‌ರೂಫಿನಿಂದ ತಲೆ ಹೊರಗೆ ಹಾಕಿಸಿ ಫೋಟೋ ತೆಗೀತೀವಿ. ಫ್ಯಾಮಿಲಿಗೋಸ್ಕರ!

ಏಳು ಸೀಟಿನ ಆಸೆಯವರಿಗೆ: ಆ ಮೂರನೇ ಸಾಲಲ್ಲಿ ನೀವೇ ಅರ್ಧ ಗಂಟೆ ಕೂತು ನೋಡಿ. ಮಂಡಿ ಗದ್ದಕ್ಕೆ ತಾಗುತ್ತೆ. ಏಳೂ ಜನ ಕೂತರೆ ಸಾಮಾನಿಗೆ ಜಾಗ ಇಲ್ಲ. ಕರ್ಟನ್ ಏರ್‌ಬ್ಯಾಗ್ ಮೂರನೇ ಸಾಲಿನ ತನಕ ಬರುತ್ತಾ ಅಂತ ಕೇಳಿ, ಸೇಲ್ಸ್‌ನವರು ಬ್ರೋಷರ್ ಹುಡುಕ್ತಾರೆ.

ಅಗಲವನ್ನೂ ಅಳೀರಿ. ಕ್ರೆಟಾ 1790 ಮಿಲಿಮೀಟರ್, ಎಕ್ಸ್‌ಯುವಿ700 1890. ನಾಲ್ಕಂಗುಲ ತಾನೇ ಅನ್ನಬೇಡಿ. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ಎರಡು ಕಂಬದ ನಡುವೆ ನಿಲ್ಲಿಸಿದ ಮೇಲೆ ಅಮ್ಮ ಬಾಗಿಲು ತೆಗೆದು ಕಾಲು ಹೊರಗೆ ಇಡ್ತಾರಾ ಇಲ್ವಾ ಅನ್ನೋದು ಆ ನಾಲ್ಕಂಗುಲದ ಮೇಲೆ ನಿಂತಿದೆ.

ಇಷ್ಟೆಲ್ಲಕ್ಕೂ ತೆರಿಗೆ ಕಟ್ಟೋದು ನಾವೇ. ಡೀಸೆಲ್ ಗಾಡಿ ನಾಲ್ಕು ಮೀಟರ್ ಮತ್ತು 1500 ಸಿಸಿ ಒಳಗಿದ್ದರೆ ಜಿಎಸ್‌ಟಿ 18%, ಒಂದನ್ನ ದಾಟಿದರೂ 40%. ಅದರ ಮೇಲೆ ಕರ್ನಾಟಕದ ರಸ್ತೆ ತೆರಿಗೆ: ಹತ್ತರಿಂದ ಇಪ್ಪತ್ತು ಲಕ್ಷಕ್ಕೆ 17%, ಇಪ್ಪತ್ತು ದಾಟಿದರೆ 18%, ಆ ತೆರಿಗೆಯ ಮೇಲೆ 11% ಸೆಸ್. 19.5 ಲಕ್ಷದ ಗಾಡಿಯನ್ನ ಸನ್‌ರೂಫ್ ಆಸೆಗೆ 20.5 ಲಕ್ಷದ ವೇರಿಯೆಂಟಿಗೆ ಏರಿಸಿದರೆ, ಆ ಒಂದು ಲಕ್ಷದ ಜೊತೆ 41 ಸಾವಿರದಷ್ಟು ರಸ್ತೆ ತೆರಿಗೆಯೂ ಏರುತ್ತೆ. ಆ ದುಡ್ಡಲ್ಲಿ ಅಮ್ಮನ ಮನೆಯ ಬಚ್ಚಲಿಗೆ ಹಿಡಿಕಂಬಿ ಹಾಕಿಸಿ ಇನ್ನೂ ಉಳಿಯುತ್ತೆ.

"ದುಡ್ಡು ಕೊಡೋನು ನಾನು, ಓಡಿಸೋನು ನಾನು, ನನಗೂ ಒಂದು ಆಸೆ ಬೇಡ್ವಾ?" ಅಂತ ಕೇಳ್ತೀರಿ. ಬೇಕು ಸ್ವಾಮಿ, ಧಾರಾಳವಾಗಿ ತಗೊಳ್ಳಿ. ನನಗೋಸ್ಕರ ತಗೊಂಡೆ ಅಂತ ನೆಟ್ಟಗೆ ಹೇಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಮನೆಯವರ ಹೆಸರಲ್ಲಿ ಸಾಲ ಮಾಡಿ, ಅವರನ್ನ ಹಿಂದೆ ಕೂರಿಸಿ, ಏಳು ವರ್ಷ ಇಎಂಐ ಕಟ್ಟೋ ಸಂಸಾರಕ್ಕೆ ಒಂದು ಮಾತೂ ಕೇಳದೆ ಇರೋದು ಮಾತ್ರ ಸರಿಯಲ್ಲ.

ಶೋರೂಮಿನವರು ಎರಡು ಕಿಲೋಮೀಟರ್ ಟೆಸ್ಟ್ ಡ್ರೈವ್ ಕೊಟ್ಟು ಮುಗಿಸ್ತಾರೆ. ಒಪ್ಪಬೇಡಿ. ಮನೆಯವರೆಲ್ಲರನ್ನೂ ತುಂಬಿಕೊಂಡು ಹೋಗಿ. ಹೋಗೋವಾಗ ನೀವು ಓಡಿಸಿ, ಬರೋವಾಗ ಹೆಂಡತಿ ಕೈಗೆ ಕೊಟ್ಟು ಹಿಂದಿನ ಸೀಟಿನ ಮಧ್ಯದಲ್ಲಿ ಕೂರಿ. ಹಂಪ್ ಹಾರಿಸಲಿ. "ನಮ್ಮಲ್ಲಿ ಪಾಲಿಸಿ ಇಲ್ಲ ಸರ್" ಅಂದರೆ ಇನ್ನೊಂದು ಶೋರೂಮ್ ಇದೆ. ಇಪ್ಪತ್ತು ಲಕ್ಷ ಕೊಡೋನಿಗೆ ಒಂದು ಗಂಟೆ ಕೊಡದವರು ನಾಳೆ ಸರ್ವಿಸಲ್ಲಿ ಏನು ಕೊಟ್ಟಾರು?

ನಾವು ಕೊನೆಗೆ ಒಂದು ಡೀಸೆಲ್ ಆಟೋಮ್ಯಾಟಿಕ್ಕೇ ತಗೊಂಡ್ವಿ. ಐದು ಸೀಟು, ಮಧ್ಯದ ವೇರಿಯೆಂಟು, ತಲೆ ಮೇಲೆ ಗಾಜಿಲ್ಲ. ಯಾವುದು ಅಂತ ಹೇಳಲ್ಲ, ಹೇಳಿದರೆ ಜಗಳ ಬ್ರ್ಯಾಂಡಿಗೆ ತಿರುಗುತ್ತೆ. ಆರಿಸಿದ್ದು ನಾನಲ್ಲ. ನಾಲ್ಕನೇ ಶೋರೂಮಲ್ಲಿ ಅಮ್ಮ ಸೀಟಿನ ಮೇಲೆ ಮೊದಲು ಕೂತು, ಆಮೇಲೆ ಒಂದೊಂದೇ ಕಾಲು ಒಳಗೆ ತಗೊಂಡರು, ಯಾರ ಕೈಯನ್ನೂ ಹಿಡೀಲಿಲ್ಲ. ಬಾಗಿಲು ಹಾಕಿಕೊಂಡು ಕಿಟಕಿಯಿಂದ ನನ್ನ ನೋಡಿ ಕೇಳಿದರು:

"ಇದು ಆಗುತ್ತೆ. ಹೊರಡೋದು ಯಾವತ್ತು?"