ಕೋಲು ಬಿಡುವ ಹೊತ್ತು
ಸೊಂಟದ ಕೀಲು ಬದಲಿಸಿಕೊಂಡವರಲ್ಲಿ ಗಾಯ ಬೇಗ ಮಾಯುತ್ತದೆ, ಧೈರ್ಯ ಬರುವುದು ತಡ. 1962ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್ಲಿ ಲೋಹ ಮತ್ತು ಪ್ಲಾಸ್ಟಿಕ್ಕಿನ ಕೀಲನ್ನು ನೆಲೆಗೊಳಿಸಿದ ಕಾಲದಲ್ಲಿ ರೋಗಿಗಳು ವಾರಗಟ್ಟಲೆ ಮಲಗಿರಬೇಕಿತ್ತು; ಈಗ ಅದೇ ದಿನ ಅಥವಾ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಸಾಮಾನ್ಯವಾಗಿ ಹೊಸ ಕೀಲು ಭಾರ ಹೊರಲು ಆಗಲೇ ಸಿದ್ಧವಾಗಿರುತ್ತದೆ; ಸಿದ್ಧವಿಲ್ಲದ್ದು ಅದರ ಪಕ್ಕದ ಸ್ನಾಯು. ಒಂದು ಕಾಲು ಎತ್ತಿದಾಗ ಸೊಂಟ ಆ ಕಡೆ ಜೋತುಬೀಳದಂತೆ ತಡೆಯುವುದು ನೆಲದ ಮೇಲಿರುವ ಕಾಲಿನ ಬದಿಯ ಈ ಸ್ನಾಯುವೇ. ಅದು ಸೋತಿದ್ದರೆ ನಡಿಗೆ ಕುಂಟುತ್ತದೆ, ಕುಂಟಿದರೆ ಬೀಳುವ ಭಯ, ಭಯಕ್ಕೆ ನಡಿಗೆ ಕಡಿಮೆ, ನಡೆಯದಿದ್ದರೆ ಸ್ನಾಯು ಇನ್ನಷ್ಟು ಬಡವು. ಕೋಲನ್ನು ಆಪರೇಷನ್ ಆದ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕೆನ್ನುವುದು ಇದಕ್ಕೇ: ಆಗ ಆ ಸ್ನಾಯುವಿನ ಹೊರೆ ಇಳಿಯುತ್ತದೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಕೋಲಿನ ಜೊತೆಗೆ ಆಪರೇಷನ್ ಆದ ಕಾಲು ಮುಂದೆ. ಮನೆಗಳಲ್ಲಿ ಇನ್ನೊಂದು ಅಡ್ಡಿ ಅಕ್ಕರೆಯದು. "ನೀವು ಏಳಬೇಡಿ ಅತ್ತೆ, ನಾನೇ ತಂದುಕೊಡ್ತೀನಿ" ಎನ್ನುವ ಸೊಸೆ, ರಟ್ಟೆ ಹಿಡಿದು ನಡೆಸುವ ಮಗ, ಇಬ್ಬರೂ ಒಳ್ಳೆಯವರೇ. ಆದರೆ ಹಿಡಿದವರ ಕೈಗೆ ಒರಗಿದ ದೇಹ ತನ್ನ ತೂಕವನ್ನು ತಾನು ಹೊರಲು ಕಲಿಯುವುದಿಲ್ಲ. ಸೈಕಲ್ ಕಲಿಸುವವರು ಸೀಟು ಬಿಟ್ಟು ಹಿಂದೆ ಬರುವ ಹಾಗೆ, ಕೈಯಳತೆಯಲ್ಲಿ ನಿಂತರೆ ಸಾಕು. ಒದ್ದೆ ಬಚ್ಚಲು, ಜಾರುವ ಚಾಪೆ, ಹೊಸ್ತಿಲುಗಳ ಕಡೆ ಅದಕ್ಕಿಂತ ಹೆಚ್ಚು ಗಮನ ಬೇಕು. ಕೋಲು ಬಿಡುವ ಹೊತ್ತನ್ನು ಹೇಳುವುದು ಕ್ಯಾಲೆಂಡರ್ ಅಲ್ಲ, ನಡಿಗೆ. ಕೋಲಿಲ್ಲದೆ ಕುಂಟುವುದಕ್ಕಿಂತ ಕೋಲು ಹಿಡಿದು ನೆಟ್ಟಗೆ ನಡೆಯುವುದೇ ಮೇಲು.